ಖಾಲಿ ತೂಕ

ಮೊದಲು ಕೊರಳಿನ ಮೇಲೆ ಕೊರೆದದ್ದನ್ನು ಓದು, ಡಾರ್ಸಿ.
ಬೇಕಾದರೆ ನನ್ನ ಕನ್ನಡಕ ತಗೋ.
ಆರೂಮುಕ್ಕಾಲು ಕಿಲೋ. ಅದು ಖಾಲಿ ತೂಕ,
ಬಾಟಲಿ ಹುಟ್ಟಿದ ದಿನ ಬರೆದದ್ದು.
ಬಣ್ಣ ಹೋಗಲಿ, ಮೈ ನೆಗ್ಗಲಿ,
ಆ ಅಂಕಿ ಮಾತು ಬದಲಿಸುವುದಿಲ್ಲ.

ಈಗ ಉಣ್ಣೆ ತೂಗುತ್ತಿದ್ದ ಕೊಕ್ಕೆಗೆ ನೇತುಹಾಕು.
ಹನ್ನೊಂದೂಕಾಲು. ಕಳೆ.
ನಾಲ್ಕೂವರೆ ಉಳಿಯಿತಲ್ಲ, ಅದೇ ನಮ್ಮ ಗಾಳಿ.
ಗಾಳಿ ಅಂದೆನೆ? ಗಾಳಿಯಲ್ಲ,
ಬಿಯರಿಗೆ ನೊರೆ ಬರಿಸುವ ಅನಿಲ;
ಮೂವತ್ತೊಂದು ವರ್ಷ ನನ್ನ ಹೋಟೆಲಿನ ನೆಲಮಾಳಿಗೆಯಲ್ಲಿ
ಒಂದೇ ಸಮ ಗುಸುಗುಸು ಅನ್ನುತ್ತಿದ್ದದ್ದು.
ರೈಲು ನಿಂತಿತು, ಕುಡಿಯುವವರು ನಿಂತರು,
ಬ್ಯಾಂಕಿನವರು ಬಂದು ಕುರ್ಚಿ ಎಣಿಸಿದರು, ಗ್ಲಾಸು ಎಣಿಸಿದರು,
ಕತ್ತಲೆಯಲ್ಲಿದ್ದ ಇದೊಂದನ್ನು ಎಣಿಸಲಿಲ್ಲ.
ನಾನೂ ನೆನಪಿಸಲಿಲ್ಲ.

ವಾಶರ್ ಎಲ್ಲಿ? ಬಾಯಲ್ಲಿಟ್ಟುಕೊಂಡಿದ್ದೀಯ!
ಒರೆಸಿ ಕೂರಿಸು. ಈ ನಟ್ಟಿಗೆ ಟೇಪು ಬೇಡ,
ಟೇಪು ಆಚೆಯ ಹಿತ್ತಾಳೆಗೆ, ಪೈಪಿನ ಕಡೆಗೆ.
ಸ್ಪ್ಯಾನರಿಗೆ ಭುಜ ಕೊಡಬೇಡ, ಮಣಿಕಟ್ಟು ಸಾಕು.
ನಿಮ್ಮಪ್ಪ ಹೀಗೇ ಬಿಗಿದು ಬಿಗಿದು
ಎರಡು ನಲ್ಲಿಯನ್ನೂ ಒಂದು ಮದುವೆಯನ್ನೂ ಕಿತ್ತಿಟ್ಟ.
ಸೋಪುನೀರು ಬಳಿ. ಗುಳ್ಳೆ ಇಲ್ಲವೇ?
ಇನ್ನೊಂದು ಗಳಿಗೆ ನೋಡು,
ಕೆಲವು ಸೋರಿಕೆಗಳಿಗೆ ನಾಚಿಕೆ ಜಾಸ್ತಿ.

ನಿಲ್ಲಿಸಿಯೇ ಕಟ್ಟು. ಮಲಗಿಸಿದರೆ ಒಳಗಿನ ದ್ರವ
ಪೈಪಿಗೆ ನುಗ್ಗಿ ರೆಗ್ಯುಲೇಟರ್ ಹೆಪ್ಪುಗಟ್ಟುತ್ತದೆ.
ಪಿಕಪ್ಪಿನ ಹಿಂದೆ, ಬಯಲಲ್ಲಿ. ಸೀಟಿನ ಪಕ್ಕ ಬೇಡವೇ ಬೇಡ.
ನೆಲಮಾಳಿಗೆಯಲ್ಲಿ ಒಮ್ಮೆ ಪೈಪು ಜಾರಿತ್ತು,
ಸದ್ದಿಲ್ಲ, ವಾಸನೆಯಿಲ್ಲ.
ಇಲಿ ಹುಡುಕಲು ಇಳಿದ ನಾಯಿ ಮೊದಲು ಮಲಗಿತು;
ಅದು ಕುಳ್ಳಗಿತ್ತು, ನಾನು ಎತ್ತರವಿದ್ದೆ,
ಅಷ್ಟೇ ವ್ಯತ್ಯಾಸ.

ಈ ಮುಳ್ಳನ್ನು ನಂಬಬೇಡ.
ತುಂಬಿದ್ದಾಗಲೂ ಅಷ್ಟೇ ತೋರಿಸುತ್ತದೆ, ತಳ ಹತ್ತಿದಾಗಲೂ ಅಷ್ಟೇ.
ಅದು ಹೇಳುವುದು ಬಿಸಿಲಿನ ಸುದ್ದಿ, ಹೊಟ್ಟೆಯದ್ದಲ್ಲ.
ಕಳೆದ ಜುಲೈಯಲ್ಲಿ ನಾನೇ ನಂಬಿದೆ.
ಸಿಂಪ್ಸನ್ನಿನ ಕೊನೆಯ ಕೆಂಪು ದಿಬ್ಬ ಇಳಿದು
ಹದಿನಾರು ಪೌಂಡಿನ ನಾಲ್ಕೂ ಚಕ್ರಗಳನ್ನು
ಮೂವತ್ತೆಂಟಕ್ಕೆ ಏರಿಸಿ ಹೊರಡುವವಳು,
ಅಡಿಲೇಡಿನ ಸಂಸಾರವೊಂದು ಕೈ ಬೀಸಿತು.
ಅವನ ಬ್ಯಾಟರಿ ಪಂಪು ಸುಟ್ಟು ನಾರುತ್ತಿತ್ತು;
ಮುಂದೆ ಇನ್ನೂರು ಕಿಲೋಮೀಟರ್ ಬರೀ ಚೂಪುಗಲ್ಲು.

ಒಂದು ಚಕ್ರಕ್ಕೆ ಕಾಲು ಕಿಲೋ, ಲೆಕ್ಕ ಸುಲಭ.
ಲೆಕ್ಕ ಹಾಕಿದೆ, ತೂಗಲಿಲ್ಲ.
ಬಾಟಲಿಯ ಮೈಯೆಲ್ಲ ಬಿಳಿ ಹಿಮ ಕೂತಿತು,
ಅಂಥ ಮರಳಿನ ನಡುವೆ, ನೋಡು,
ಅವನ ಮಗಳು ಉಗುರಲ್ಲಿ ಅದರ ಮೇಲೊಂದು ಬಾತುಕೋಳಿ ಬರೆದಳು.
ಮೂರನೆಯ ಚಕ್ರ ಇಪ್ಪತ್ತೇಳು ಅನ್ನುವಾಗ
ಮುಳ್ಳು ಕೈಬಿಟ್ಟ ಬಕೆಟ್ಟಿನಂತೆ ಬಿತ್ತು.
ಬಾತುಕೋಳಿ ಕರಗುತ್ತ ಬಂತು.
ಯಾರೂ ಮಾತಾಡಲಿಲ್ಲ.

ಆಮೇಲೆ ನನ್ನ ಸ್ಟೆಪ್ನಿ ನೆನಪಾಯಿತು,
ನಲವತ್ತು ಪೌಂಡು ಹೊತ್ತು ಬೆನ್ನ ಹಿಂದೆ ಸುಮ್ಮನೆ ಕೂತಿದ್ದು.
ಎರಡೂ ತುದಿಗೆ ಮೂತಿಯಿರುವ ಪೈಪು ಸಿಕ್ಕಿಸಿದೆ;
ಇದ್ದದ್ದರಿಂದ ಇಲ್ಲದ್ದಕ್ಕೆ ತಾನಾಗಿ ಹರಿಯಿತು,
ಎರಡೂ ಇಪ್ಪತ್ತೆಂಟಕ್ಕೆ ಬಂದು ನಿಂತವು.
ಹೇಳಿದೆ: ನಲವತ್ತರ ಮೇಲೆ ಓಡಿಸಬೇಡಪ್ಪ.
ಓಡಿಸಿದ. ಧೂಳು ಕಂಡಿತು.

ಮನೆಗೆ ಬಂದು ತೂಗಿದೆ. ಆರೂಮುಕ್ಕಾಲು,
ಒಂದು ಗ್ರಾಂ ಆಚೀಚೆ ಇಲ್ಲ.

ಸೀಮೆಸುಣ್ಣ ತಗೋ, ಇವತ್ತಿನ ತೂಕ ಬದಿಯಲ್ಲಿ ಬರೆ.
ತುಂಬಿಸುವವನು ಗುರುವಾರ ಮಾತ್ರ ಅಂಗಡಿ ತೆಗೆಯುತ್ತಾನೆ,
ಬೆಂಕಿ ಆರಿಸುವ ಸಿಲಿಂಡರಿನವನು, ನೂರು ಗ್ರಾಂ ನುಂಗುತ್ತಾನೆ,
ಅವನೆದುರೇ ತೂಗು.
ಸರಿ, ಮುಂದಿನ ಎಡ ಚಕ್ರದಿಂದ ಶುರುಮಾಡು.
ವಾಲ್ವಿನ ಟೋಪಿ ಎಲ್ಲಿಟ್ಟೆ?
ಮತ್ತೆ ಬಾಯಲ್ಲೇ?